ಹೊಸ್ತಿಲ ಮುಂದೆ ಸುರಿದ ಕಸ

ಬೀದಿಯಲ್ಲಿ ಕಸ ಎಸೆಯುವವರನ್ನು ಕಂಡರೆ ಭಾಗ್ಯಲಕ್ಷ್ಮಿಗೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಅವಳ ತಾಯಿ ಬೈರಮ್ಮ ಹಲಸೂರಿನ ಬೀದಿಗಳನ್ನು ಗುಡಿಸಿಯೇ ಮಕ್ಕಳನ್ನು ಸಾಕಿದವಳು. ಒಂದು ದಿನ ಯಾರೋ ಚೀಲದಲ್ಲಿ ಕಟ್ಟಿ ಬಿಸಾಕಿದ್ದ ಒಡೆದ ಬಾಟಲಿ ಬೈರಮ್ಮನ ಅಂಗೈಯನ್ನು ಸೀಳಿತು. ಗಾಯ ಕೀವು ತುಂಬಿ ಕೈಯೆಲ್ಲ ಬಾತುಕೊಂಡಿತು. ವಾಸಿಯಾದಾಗ ಎರಡು ಬೆರಳು ಮಡಚಲು ಬಾರದಂತಾಗಿದ್ದವು. ಅದೇ ಕೈಯಲ್ಲಿ ಅವಳು ನಿವೃತ್ತಿಯವರೆಗೂ ಪೊರಕೆ ಹಿಡಿದಳು. ಚೀಲ ಎಸೆದವರು ಯಾರೆಂದು ಯಾರೂ ಹುಡುಕಲಿಲ್ಲ, ಯಾರೂ ಕೇಳಲೂ ಇಲ್ಲ.

ಭಾಗ್ಯಲಕ್ಷ್ಮಿ ಬೆಳೆದು ಕೆಲವು ವರ್ಷ ಗೃಹರಕ್ಷಕ ದಳದಲ್ಲಿ ದುಡಿದಳು. ಆಮೇಲೆ ಪಾಲಿಕೆಯಲ್ಲಿ ಗುತ್ತಿಗೆ ಮಾರ್ಷಲ್ ಆಗಿ ಸೇರಿಕೊಂಡಳು. ಸೈನಿಕರದ್ದನ್ನು ಹೋಲುವ ಮಚ್ಚೆಮಚ್ಚೆಯ ಸಮವಸ್ತ್ರ, ತಲೆಗೆ ಟೋಪಿ, ಸೊಂಟದಲ್ಲಿ ರಸೀದಿ ಹರಿಯುವ ಪುಟ್ಟ ಯಂತ್ರ. ಪ್ಲಾಸ್ಟಿಕ್ ಚೀಲ ಇಟ್ಟ ಅಂಗಡಿಯವನಿಗೆ ದಂಡ, ಚರಂಡಿಗೆ ಸಿಮೆಂಟು ನೀರು ಬಿಟ್ಟ ಮೇಸ್ತ್ರಿಗೆ ದಂಡ, ಖಾಲಿ ಸೈಟಿಗೆ ಕಸ ಎಸೆದವರಿಗೆ ದಂಡ. ಒಮ್ಮೆ ರಿಚರ್ಡ್ಸ್ ಟೌನಿನಲ್ಲಿ ಕಾರಿನ ಕಿಟಕಿ ಇಳಿಸಿ ಕಸ ಎಸೆದವನೊಬ್ಬ "ನಾನ್ಯಾರು ಗೊತ್ತೇನಮ್ಮಾ?" ಎಂದು ಗದರಿದ್ದ. "ಗೊತ್ತಿಲ್ಲ ಸಾರ್, ನೀವೇ ಹೇಳಿ, ರಸೀದೀಲಿ ಹೆಸ್ರು ಹಾಕ್ಬೇಕು" ಎಂದಿದ್ದಳು ಇವಳು. ಆ ಮಾತು ಕಚೇರಿಯಲ್ಲೆಲ್ಲ ಹಬ್ಬಿ, ಅವಳ ಹೆಸರು ಫೈನ್ ಭಾಗ್ಯಕ್ಕ ಎಂದಾಯಿತು. ಅದನ್ನು ಕೇಳಿದಾಗ ಅವಳಿಗೆ ಒಳಗೊಳಗೇ ಹಿಗ್ಗು.

ಆ ವರ್ಷ ಅವಳನ್ನು ಹೊರಮಾವಿನ ಕಡೆಗೆ ಹಾಕಿದರು. ಊರು ಹೋಗಿ ಅಪಾರ್ಟ್‌ಮೆಂಟುಗಳೆದ್ದ ಜಾಗ ಅದು. ಅಲ್ಲಿನ ಒಂದು ತಿರುವಿನ ಖಾಲಿ ಸೈಟಿನಲ್ಲಿ ಎಷ್ಟು ಸಲ ಎತ್ತಿದರೂ ಕಸದ ರಾಶಿ ಮತ್ತೆ ಬೆಳೆಯುತ್ತಿತ್ತು. ಬೇಲಿ ಕಟ್ಟಿದರು, ರಂಗೋಲಿ ಹಾಕಿದರು, ಗೋಡೆಗೆ ದೇವರ ಪಟವನ್ನೂ ಅಂಟಿಸಿದರು. ದೇವರ ಮುಂದೆಯೇ ಕಸ ಬಿತ್ತು. ಆರೋಗ್ಯ ನಿರೀಕ್ಷಕ ಚಲುವಯ್ಯನವರಿಗೆ ಮೇಲಿನವರಿಂದ ಬೈಗುಳದ ಮೇಲೆ ಬೈಗುಳ.

"ಬರೀ ಫೈನ್ ಹಾಕಿದ್ರೆ ಕಟ್ಟಿ ಹೋಗ್ತಾರೆ ಭಾಗ್ಯ, ಕರೆಂಟ್ ಬಿಲ್ ಕಟ್ಟಿದ್ ಹಾಗೆ" ಎಂದರು ಒಂದು ದಿನ. "ಮಾನ ಹೋಗ್ಬೇಕು. ಆಗ್ಲೇ ಬುದ್ಧಿ ಬರೋದು."

ಹೊಸ ಕ್ರಮ ಶುರುವಾದದ್ದು ಹಾಗೆ. ಕಸ ಎಸೆದವರನ್ನು ಗುರುತು ಹಿಡಿದು, ಅವರ ಚೀಲವನ್ನು ಅವರ ಮನೆಗೇ ಹೊತ್ತೊಯ್ಯುವುದು. ಮುಂದೆ ತಮಟೆ, ಹಿಂದೆ ಆಟೊ, ಜೊತೆಗೆ ವೀಡಿಯೊ. ಬಾಗಿಲ ಮುಂದೆ ಚೀಲ ಬಿಚ್ಚಿ ಸುರಿದು, ಬೀದಿಯವರೆಲ್ಲ ನೋಡುತ್ತಿರುವಾಗ ದಂಡ ಕಟ್ಟಿಸಿಕೊಳ್ಳುವುದು. ಮೊದಲು ಸಿಕ್ಕಿದ್ದು ಒಂದು ಬೇಕರಿ. ಕೊಳೆತ ಕ್ರೀಮು, ಮೊಟ್ಟೆ ಚಿಪ್ಪು ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ಆಮೇಲೆ ನಾಲ್ಕಂತಸ್ತಿನ ಮನೆಯ ಯಜಮಾನನೊಬ್ಬ ಕೈಮುಗಿದು ನಿಂತ. ಅವತ್ತು ಮನೆಗೆ ಹೋದ ಭಾಗ್ಯಲಕ್ಷ್ಮಿ ತಾಯಿಗೆ ಆ ವೀಡಿಯೊ ತೋರಿಸಿ, "ನೋಡಮ್ಮ, ಹೆಂಗ್ ಬೆವರ್ತಾವ್ನೆ" ಎಂದು ನಕ್ಕಿದ್ದಳು. ಬೈರಮ್ಮನೂ ನಕ್ಕಿದ್ದಳು.

ಸ್ಕೂಟರಿನಲ್ಲಿ ಬಂದು ಕಸ ಎಸೆಯುತ್ತಿದ್ದ ಹುಡುಗಿಯೊಬ್ಬಳನ್ನು ಹಿಡಿದವಳೂ ಭಾಗ್ಯಲಕ್ಷ್ಮಿಯೇ. ಬೆಳಕು ಹರಿಯುವ ಹೊತ್ತಿಗೆ ಹೆಲ್ಮೆಟ್ ತೆಗೆಯದೆ ಬಂದು, ಕಾಲೂರದೆ, ಕರಿ ಚೀಲವೊಂದನ್ನು ತಿರುವಿನಲ್ಲಿ ಬಿಟ್ಟು ಹೋಗುತ್ತಿದ್ದಳು. ಗೋಡೆಯ ಮರೆಯಲ್ಲಿ ನಿಂತು ಗಾಡಿ ನಂಬರು ಬರೆದುಕೊಂಡ ಭಾಗ್ಯಲಕ್ಷ್ಮಿ, ಹಿಂದೆಯೇ ಹೋಗಿ ಮನೆಯನ್ನೂ ನೋಡಿಕೊಂಡು ಬಂದಳು. ಮೂರು ಮನೆಗಳ ಕಟ್ಟಡದ ನೆಲ ಅಂತಸ್ತು. ಬಾಗಿಲಿಗೆ ಮಾವಿನೆಲೆಯ ತೋರಣ. ಎತ್ತಿಟ್ಟುಕೊಂಡ ಆ ಚೀಲದಲ್ಲಿ ಏನಿದೆ ಎಂದು ಅವಳು ಬಿಚ್ಚಿ ನೋಡಲಿಲ್ಲ. ಕಸದಲ್ಲಿ ಇನ್ನೇನಿರುತ್ತದೆ?

ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿರುವ ದಿನ ನೋಡಿ ಹೊರಟರು. ತಮಟೆಯ ಸದ್ದಿಗೆ ಮಹಡಿ ಮಹಡಿಗಳಲ್ಲಿ ಜನ ಇಣುಕಿದರು. ಬಾಗಿಲು ತೆರೆದವಳು ಆ ಹುಡುಗಿ. ಹೆಸರು ಗೌತಮಿ, ಯಾವುದೋ ಆಫೀಸಿನಲ್ಲಿ ಕೆಲಸ. ಸಮವಸ್ತ್ರ ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಮೇಡಂ, ಪ್ಲೀಸ್. ಫೈನ್ ಎಷ್ಟಾದ್ರೂ ಕಟ್ತೀನ್ರಿ. ಅದನ್ನ ಮಾತ್ರ ಬಿಚ್ಚಬ್ಯಾಡ್ರಿ" ಎಂದಳು, ಮೆಲ್ಲಗೆ.

"ಎಲ್ರೂ ಹಿಂಗೇ ಹೇಳೋದು. ಎಸೆಯೋವಾಗ ಇರ್ಲಿಲ್ವಾ ನಾಚಿಕೆ?" ಎಂದು ಭಾಗ್ಯಲಕ್ಷ್ಮಿ ಎಲ್ಲರಿಗೂ ಕೇಳುವಂತೆ ಕೂಗಿದಳು. ಕೂಗಿದವಳೇ ಚೀಲದ ಗಂಟು ಹರಿದು ತಲೆಕೆಳಗು ಮಾಡಿದಳು.

ಬಿದ್ದದ್ದು ಡಯಾಪರುಗಳು. ಮಕ್ಕಳದ್ದಲ್ಲ, ದೊಡ್ಡವರದ್ದು. ಒಂದೊಂದನ್ನೂ ಸುತ್ತಿ, ಅಂಟು ಹಚ್ಚಿ, ಅಚ್ಚುಕಟ್ಟಾಗಿ ಮಡಚಿದ್ದರು. ಕೆಲವು ಬಿದ್ದ ರಭಸಕ್ಕೆ ಬಿಚ್ಚಿಕೊಂಡವು. ಮೇಲಿನ ಮಹಡಿಯಿಂದ ಯಾರೋ "ಥೂ" ಎಂದರು. ಇನ್ಯಾರೋ ಕಿಸಕ್ಕನೆ ನಕ್ಕರು. ತಮಟೆ ಬಡಿಯುತ್ತಲೇ ಇತ್ತು. ಒಬ್ಬಳು ಹೆಂಗಸು ಪಕ್ಕದವಳಿಗೆ, "ಯಾರ್ದೇ ಅದು? ಅವರಮ್ಮ ಓಡಾಡ್ಕೊಂಡೇ ಇದಾರಲ್ಲ!" ಎಂದದ್ದು ಸ್ಪಷ್ಟವಾಗಿ ಕೇಳಿತು. ಗೌತಮಿ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಆಗ ಅವಳ ಹಿಂದಿನಿಂದ ಬಾಗಿಲ ಚೌಕಟ್ಟನ್ನು ಒಂದು ಕೈ ಹಿಡಿಯಿತು. ಎತ್ತರದ ಆಳು. ಎಡಗಾಲು ಎಳೆಯುತ್ತಿತ್ತು, ಬಾಯಿ ಒಂದು ಪಕ್ಕಕ್ಕೆ ಜಗ್ಗಿತ್ತು. ಮಗಳನ್ನು ಹೆಗಲಿನಿಂದ ಮೆಲ್ಲನೆ ಪಕ್ಕಕ್ಕೆ ಸರಿಸಿ, ಹೊಸ್ತಿಲ ಮೇಲೆ ನಿಂತು, ನೆರೆದ ಜನರನ್ನೆಲ್ಲ ಒಮ್ಮೆ ನೋಡಿದರು.

"ಅವು ನನ್ನವು" ಎಂದರು. ನಾಲಿಗೆ ತೊದಲಿದ್ದರಿಂದ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು. "ನನ್ನವು. ಹುಡುಗಿಗೆ ಏನೂ ಅನಬ್ಯಾಡ್ರಿ."

ತಮಟೆಯವನು ತಾನಾಗಿಯೇ ಕೈ ನಿಲ್ಲಿಸಿದ. ಚಲುವಯ್ಯ ಕೆಮ್ಮಿ, "ಬೇಗ ರಸೀದಿ ಹರೀರಿ ಭಾಗ್ಯ" ಎಂದರು. ಯಂತ್ರದಿಂದ ಕಾಗದ ಕರಕರ ಎಂದು ಹೊರಬಂತು. ಮುದುಕರು ಬಗ್ಗಿ ಒಂದನ್ನು ಎತ್ತಿಕೊಳ್ಳಲು ನೋಡಿದರು, ಆಗಲಿಲ್ಲ. ಒಳಗಿನಿಂದ ಓಡಿಬಂದ ಹೆಂಡತಿ ಅವರನ್ನು ಹಿಡಿದುಕೊಂಡಳು. ಗೌತಮಿ ನೆಲಕ್ಕೆ ಕೂತು, ಬರಿಗೈಯಿಂದ ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು. ಭಾಗ್ಯಲಕ್ಷ್ಮಿಯ ಕೈಯಲ್ಲಿ ಗ್ಲೌಸಿತ್ತು. ಅವಳು ಬಗ್ಗಲಿಲ್ಲ. ಬಗ್ಗಬೇಕೆಂದು ಅನಿಸಿತು, ಆದರೆ ಜನ ನೋಡುತ್ತಿದ್ದರು. ತಪ್ಪು ತನ್ನದೆಂದು ಒಪ್ಪಿಕೊಂಡಂತೆ ಆದೀತೆಂದು ಕಂಬದ ಹಾಗೆ ನಿಂತೇ ಇದ್ದಳು.

ಸಂಜೆ ಮನೆಗೆ ಬರುವಷ್ಟರಲ್ಲಿ ವೀಡಿಯೊ ಹಲಸೂರನ್ನೂ ಮುಟ್ಟಿತ್ತು. ಬೈರಮ್ಮ ಪಕ್ಕದ ಮನೆಯವರ ಮೊಬೈಲಿನಲ್ಲಿ ನೋಡಿದ್ದಳು. ಈ ಸಲ ನಗಲಿಲ್ಲ.

"ಅದ್ನ ಅಲ್ಲಿಂದ ಎತ್ತಿದ್ದು ಯಾರೇ?" ಎಂದು ಕೇಳಿದಳು.

"ಆ ಹುಡ್ಗೀನೇ."

"ನೀನು?"

ಭಾಗ್ಯಲಕ್ಷ್ಮಿ ಬಚ್ಚಲಿಗೆ ಹೋಗಿ, ನೀರು ತಣ್ಣಗಾಗುವವರೆಗೂ ಕೈ ತೊಳೆಯುತ್ತ ಕೂತಳು. ಊಟಕ್ಕೆ ಬಡಿಸುವಾಗ ತಾಯಿ ಎಂದಿನಂತೆ ಎದುರು ಕೂರದೆ, ತಟ್ಟೆ ಇಟ್ಟು ಹೊರಗೆ ಜಗಲಿಗೆ ಹೋದಳು.

ಮರುದಿನ ಭಾಗ್ಯಲಕ್ಷ್ಮಿ ಚಲುವಯ್ಯನವರ ಮುಂದೆ ನಿಂತು, ವೀಡಿಯೊ ತೆಗೆಸಿಬಿಡಿ ಎಂದು ಬೇಡಿಕೊಂಡಳು. ಅವರು ಕೆಟ್ಟವರೇನಲ್ಲ. ಅಲ್ಲೇ ಮೊಬೈಲು ತೆಗೆದು ವಾರ್ಡಿನ ಗುಂಪಿನಿಂದ ಅಳಿಸಿದರು. "ನಮ್ ಗ್ರೂಪಿಂದ ತೆಗ್ದೆ ಕಣಮ್ಮ. ಊರೋರ್ ಕೈಯಿಂದ ಹೆಂಗ್ ತೆಗೀಲಿ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಅಲ್ಲಿ ಕಸ ಹಾಕಿದ್ದು ತಪ್ಪೇ ತಾನೆ?" ಎಂದು ಕೇಳಿದರು. ತಪ್ಪೇ. ಅದನ್ನು ಅವಳು ಅಲ್ಲಗಳೆಯಲಾರಳು.

ಆದರೂ ಒಂದು ಮಧ್ಯಾಹ್ನ ಸೀರೆಯುಟ್ಟು ಗೌತಮಿಯ ಮನೆಗೆ ಹೋದಳು. ಬೀದಿ ತುದಿಯಿಂದ ಎರಡು ಸಲ ವಾಪಸು ತಿರುಗಿ, ಮತ್ತೆ ಹೋದಳು. ಬಾಗಿಲು ತೆರೆದ ಗೌತಮಿಯ ತಾಯಿ ಪ್ರೇಮಕ್ಕನಿಗೆ ಸೀರೆಯಲ್ಲಿದ್ದ ಅವಳ ಗುರುತು ಹತ್ತಲಿಲ್ಲ. "ಬರ್ರಿ, ಒಳಗ ಬರ್ರಿ, ಬಿಸಿಲಾಗ ನಿಂತೀರಲ್ಲ" ಎಂದು ಕರೆದು ಕುರ್ಚಿ ಹಾಕಿದಳು. ಕೇಳುವ ಮೊದಲೇ ಚಹಾ ತಂದಿಟ್ಟಳು.

"ಅವತ್ತು ಚೀಲ ಸುರಿದೋಳು ನಾನೇ ಅಮ್ಮ" ಎಂದಳು ಭಾಗ್ಯಲಕ್ಷ್ಮಿ.

ಪ್ರೇಮಕ್ಕ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿ, "ಚಾ ಕುಡೀರಿ, ಆರತೈತಿ" ಎಂದಳು.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಮಲಗಿದ್ದವರು ಈ ದನಿ ಕೇಳಿ, ಸರಿಯಿದ್ದ ಕೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡದ್ದು ಭಾಗ್ಯಲಕ್ಷ್ಮಿಗೆ ಕಾಣಿಸಿತು.

"ಪಂಚಾಕ್ಷರಿ ಮಾಸ್ತರ್ ಅಂತ, ಗದಗ ಕಡೆ ಸಾಲ್ಯಾಗ ಆಟ ಕಲಸ್ತಿದ್ರು" ಎಂದಳು ಪ್ರೇಮಕ್ಕ ದನಿ ತಗ್ಗಿಸಿ. "ಸೀಟಿ ಊದಿದ್ರ ಮೈದಾನಕ್ಕ ಮೈದಾನ ನಿಲ್ತಿತ್ತು. ಲಕ್ವಾ ಹೊಡದ ಮ್ಯಾಲ ಹಿಂಗಾತು. ಕಸದ ಗಾಡಿ ಬಂದಾಗ ಮಂದಿಯೆಲ್ಲ ಅಲ್ಲೇ ನಿಂತಿರ್ತಾರ. ಅವರ ಮುಂದ ಕೊಡಬ್ಯಾಡ, ನಾ ಸತ್ತಂಗಾಗತೈತಿ ಅಂತಿದ್ರು. ಅದಕ್ಕ ಮಗಳು ಹೊತ್ತುಕೊಂಡು ಹೋಗ್ತಿದ್ಲು. ಒಗಿಯೋದು ತಪ್ಪು ಅಂತ ನಮಗೂ ಗೊತ್ತಿತ್ರಿ. ದಂಡ ಹಾಕಿದ್ದಕ್ಕ ನನಗ ಸಿಟ್ಟಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರ ಅವತ್ತಿನಿಂದ ಅವರು ನೀರು ಕುಡಿಯಾಕ ಒಲ್ಲೆ ಅಂತಾರ. ಕುಡದ್ರ ಮತ್ತ ಅದು ಬೇಕಾಗತೈತಲ್ಲ, ಅದಕ್ಕ. ಮಗುಗ ಕುಡಿಸಿದಂಗ ಚಮಚದಾಗ ಕುಡಸ್ತೀನಿ."

ಭಾಗ್ಯಲಕ್ಷ್ಮಿ ಕ್ಷಮೆ ಕೇಳಬೇಕೆಂದೇ ಬಂದಿದ್ದಳು. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಇದ್ದಳು. ಅದನ್ನೆಲ್ಲ ಬಿಟ್ಟು, "ಕಾಗದದಲ್ಲಿ ಸುತ್ತಿ ಬಾಗಿಲ ಒಳಗೇ ಇಡಿ ಅಮ್ಮ. ಕಸದ ಗಾಡೀಲಿ ಬರೋ ಅಂಜಿನಮ್ಮಂಗೆ ಹೇಳ್ತೀನಿ. ಜನ ಎಲ್ಲ ಹೋದ್ಮೇಲೆ ಅವಳೊಬ್ಳೇ ಬಂದು ತಗೊಂಡ್ ಹೋಗ್ತಾಳೆ" ಎಂದಳು. ಪ್ರೇಮಕ್ಕ ತಲೆಯಾಡಿಸಿದಳು. ಇಷ್ಟು ಸುಲಭದ್ದನ್ನು ಮೊದಲೇ ಹೇಳಲು ಒಬ್ಬರೂ ಈ ಬಾಗಿಲಿಗೆ ಬರಲಿಲ್ಲವಲ್ಲ, ತಾನು ಬಂದದ್ದು ತಮಟೆಯ ಜೊತೆಗಲ್ಲವೇ ಎಂದು ಭಾಗ್ಯಲಕ್ಷ್ಮಿಗೆ ಅನ್ನಿಸಿತು. ಚಹಾ ಬಿಟ್ಟು ಏಳುವುದು ಅವರಿಗೆ ಇನ್ನೂ ಅವಮಾನವೆಂದು ಪೂರ್ತಿ ಕುಡಿದೇ ಎದ್ದಳು. ಒಳಕೋಣೆಯ ಕಡೆಗೆ ಕೈಮುಗಿದಳು. ಹೊದಿಕೆ ಅಲುಗಲಿಲ್ಲ.

ಅಂಜಿನಮ್ಮ ಒಪ್ಪಿದಳು, ನಡೆಸಿಯೂ ಕೊಟ್ಟಳು. ಬೇಸಿಗೆ ಮುಗಿಯುವ ಹೊತ್ತಿಗೆ, "ಆ ಮನೆಯೋರು ಖಾಲಿ ಮಾಡ್ಕೊಂಡ್ ಹೋದ್ರು ಕಣಕ್ಕ" ಎಂದು ಸುದ್ದಿ ತಂದಳು. ಎಲ್ಲಿಗೆ, ಏಕೆ, ಮಾಸ್ತರು ಹೇಗಿದ್ದರು ಎಂದು ಕೇಳಲು ಭಾಗ್ಯಲಕ್ಷ್ಮಿಗೆ ಬಾಯಿ ಬರಲಿಲ್ಲ. ಉತ್ತರ ಏನಿದ್ದೀತೋ ಎಂಬ ಹೆದರಿಕೆ.

ಅಷ್ಟರಲ್ಲಿ ತಮಟೆಯ ಮೆರವಣಿಗೆ ಮತ್ತೆ ಹೊರಟಿತ್ತು. ಈ ಸಲ ಒಂದು ಪೇಯಿಂಗ್ ಗೆಸ್ಟ್ ಮನೆಯ ಮುಂದೆ. ಚಲುವಯ್ಯ ಚೀಲವನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದು ನಿಂತಳು, ಗಂಟಿಗೆ ಬೆರಳು ಹಾಕಿದಳು, ಆದರೆ ಬಿಚ್ಚಲು ಆಗಲಿಲ್ಲ. ಇದು ಸರಿಯಲ್ಲ ಸಾರ್, ದಂಡ ಹಾಕೋಣ, ಮಾನ ತೆಗೆಯೋದು ಬೇಡ ಎಂದು ಹೇಳಬೇಕಾದ ಗಳಿಗೆ ಅದು. ಸುತ್ತ ಜನ, ಎದುರಿಗೆ ಸಾಹೇಬರು, ಹಿಂದೆ ಗುತ್ತಿಗೆಯ ಕೆಲಸ. ಅವಳು ಚೀಲವನ್ನು ಕೆಳಗಿಟ್ಟು, "ಸಾರ್, ಮಂಡಿ ನೋವು, ಬಗ್ಗಕ್ಕಾಗಲ್ಲ" ಎಂದಳು. ಇನ್ನೊಬ್ಬ ಮಾರ್ಷಲ್ ಮುಂದೆ ಬಂದು ಚೀಲ ಸುರಿದ. ಜನ ಚಪ್ಪಾಳೆ ತಟ್ಟಿದರು.

ಮಂಡಿ ನೋವು ಎಂದವಳನ್ನು ಸುತ್ತಾಟದ ಕೆಲಸದಿಂದ ತೆಗೆದು, ಕೆರೆಯ ಏರಿಯ ಗೇಟಿಗೆ ಹಾಕಿದರು. ವಾಕಿಂಗಿಗೆ ಬರುವವರು ಪ್ಲಾಸ್ಟಿಕ್ ಎಸೆಯದಂತೆ ನೋಡಿಕೊಂಡು ಕುರ್ಚಿಯ ಮೇಲೆ ಕೂರುವ ಕೆಲಸ. ಜೊತೆಯವರು "ಅದೃಷ್ಟ ಮಾಡಿದ್ದೆ ಬಿಡಕ್ಕ" ಎಂದರು. ಕೆಲವು ದಿನ ಬಿಟ್ಟು ಚಲುವಯ್ಯನವರೇ ಸ್ಕೂಟರ್ ನಿಲ್ಲಿಸಿ ಬಂದರು. ಅವರ ಹೆಂಡತಿಗೂ ಮಂಡಿ ನೋವಂತೆ, ಊರಿನಿಂದ ತರಿಸಿದ ಎಣ್ಣೆಯಂತೆ. ಒಂದು ಶೀಸೆ ಅವಳ ಕೈಗಿಟ್ಟು, "ಬಿಸಿ ಮಾಡಿ ಹಚ್ಕೋ, ಕಡಿಮೆ ಆಗತ್ತೆ" ಎಂದರು.

ಮಂಡಿ ನೋವು ಸುಳ್ಳೆಂದು ಈಗಲಾದರೂ ಹೇಳಿಬಿಡೋಣ ಎಂದು ಭಾಗ್ಯಲಕ್ಷ್ಮಿ ಬಾಯಿ ತೆರೆದಳು. ಅವರ ಮುಖದಲ್ಲಿ ನಿಜವಾದ ಕಾಳಜಿ ಇತ್ತು. "ಥ್ಯಾಂಕ್ಸ್ ಸಾರ್" ಎಂದಷ್ಟೇ ಹೇಳಿ ಶೀಸೆ ಈಸಿಕೊಂಡಳು. ಅವರು ಹೋಗುವವರೆಗೂ, ಹೇಳಿದ ಸುಳ್ಳು ಅಷ್ಟು ಹೊತ್ತಾದರೂ ನಿಜವಾಗಲಿ ಎಂಬಂತೆ, ಮಂಡಿ ನೀವಿಕೊಳ್ಳುತ್ತ ತಲೆ ತಗ್ಗಿಸಿ ಕೂತಿದ್ದಳು.