ಬೇಡಲು ಖಾಲಿಯಿಲ್ಲದ ಕೈ

ಅಫಜಲಪುರದ ಆಸ್ಪತ್ರೆಗೆ ಕೆಲಸಕ್ಕೆ ಬಂದ ಮರುದಿನ ಬೆಳಿಗ್ಗೆ ನೀರು ಕೇಳಲು ಕೆಳಗಿಳಿದರೆ, ಮನೆಯೊಡತಿ ಶರಣಮ್ಮ ಎಡ ಅಂಗೈಯನ್ನು ಮುಖದ ಮುಂದೆ ಹಿಡಿದು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಮೂರು ಸಲ ಕರೆದೆ. ಓಗೊಡಲಿಲ್ಲ. ನರ್ಸಿನ ಬುದ್ಧಿ ನೋಡಿ, ಪಾರ್ಶ್ವವಾಯು ಇರಬೇಕೆಂದು ಓಡಿಹೋಗಿ ನಾಡಿ ಹಿಡಿದೆ! ಅಂಗೈಯಲ್ಲಿ ಪುಟ್ಟ ಕಪ್ಪು ಇಷ್ಟಲಿಂಗವಿತ್ತು.

"ಪೂಜಿ ನಡದಿತ್ರಿ ಸಿಸ್ಟರ್, ಇನ್ನಾ ಸತ್ತಿಲ್ಲ," ಎಂದು ಆಮೇಲೆ ನಕ್ಕು, ಕಡಕ್ ರೊಟ್ಟಿ ಕೊಟ್ಟರು. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ನನ್ನ ಹಲ್ಲಿಗೆ ಅದೊಂದು ಪರೀಕ್ಷೆ.

ಕುಂದಾಪುರದ ನಮ್ಮ ಕ್ರೈಸ್ತ ಮನೆಯಲ್ಲಿ ಪ್ರಾರ್ಥನೆ ಎಂದರೆ ಕೇಳುವುದು. ಜಪಮಾಲೆ ಹಿಡಿದು ಮದುವೆ, ಮನೆ, ವೀಸಾ ಎಲ್ಲವನ್ನೂ ಕೇಳುತ್ತಿದ್ದೆವು. ಕೊನೆಗೆ 'ದೇವರ ಚಿತ್ತದಂತಾಗಲಿ' ಎಂದೂ ಸೇರಿಸುತ್ತಿದ್ದೆವು, ಪತ್ರದ ಕೊನೆಗೆ 'ಇಂತಿ' ಎಂದು ಬರೆಯುವ ಹಾಗೆ. ಇಲ್ಲಿ ನಾನು ಕೇಳುತ್ತಿದ್ದುದು ವರ್ಗಾವಣೆಯೊಂದನ್ನೇ. ಪಾಳಿ ಕೆಲಸದ ನಡುವೆ ನೋಡಿಕೊಳ್ಳಲಾಗದೆ ನಾಲ್ಕು ವರ್ಷದ ಮಗಳನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದೆ. ಅವಳು ಅಜ್ಜಿಯನ್ನೇ ಅಮ್ಮ ಎನ್ನತೊಡಗಿದ್ದಳು. ನಾನು ಒಂಬತ್ತು ದಿನದ ಪ್ರಾರ್ಥನೆ ಹಿಡಿದೆ. ವರ್ಗಾವಣೆ ಪಟ್ಟಿ ಬರುವ ದಿನಕ್ಕೇ ಮುಗಿಯುವಂತೆ ಹೊಂದಿಸಿದ್ದೆ. ಕುಂದಾಪುರ, ತಪ್ಪಿದರೆ ಬ್ರಹ್ಮಾವರ ಎಂದು ದೇವರಿಗೆ ಆಯ್ಕೆಯನ್ನೂ ಕೊಟ್ಟಿದ್ದೆ.

ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಸಿಟ್ಟನ್ನು ಶರಣಮ್ಮನ ಮೇಲೆ ತೀರಿಸಿಕೊಂಡೆ. "ನಿಮ್ಮ ದೇವರು ಅಂಗೈಯಲ್ಲೇ ಇದ್ದಾನಲ್ಲ, ಕೇಳಿದ್ದೆಲ್ಲ ಕೊಡ್ತಾನಾ?"

"ಎಡಗೈಯಾಗ ಅವ, ಬಲಗೈಯಾಗ ಪತ್ರಿ. ಬೇಡ್ಲಾಕ ಕೈ ಎಲ್ಲಿ ಖಾಲಿ ಅದರಿ?" ಎಂದರು. ಮತ್ತೆ ತಾವೇ ಮುಂದುವರಿಸಿದರು: "ಒಮ್ಮಿ ನಾನೂ ಬೇಡಿದ್ದೆ, ಮಗಳು ಉಳೀಲಿ ಅಂತ. ಉಳೀಲಿಲ್ಲ. ಮರುದಿನಾನೂ ಪೂಜಿಗಿ ಕುಂತೆ. ಸಿಟ್ಟಿನಾಗೇ ಕುಂತೆ. ಅವನ್ನ ಕೆಳಗ ಇಡಲಿಲ್ಲ ನೋಡ್ರಿ, ಅಷ್ಟ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮರುದಿನ ಜಪಮಾಲೆ ಹಿಡಿದು ಕೂತಾಗ, ಮಗಳು ಬೇಕು ಎಂದು ಒಂದೇ ಸಲ ಹೇಳಿದೆ. ಊರು ಹೇಳಲಿಲ್ಲ, ದಿನ ಹೇಳಲಿಲ್ಲ. ಆಮೇಲೆ ಸುಮ್ಮನೆ ಕೂತೆ. ಕೇಳುವುದಕ್ಕಿಂತ ಸುಮ್ಮನಿರುವುದೇ ಕಷ್ಟ. ಭಯ ಹೋಗಲಿಲ್ಲ, ಆದರೆ ಭಯದ ಜೊತೆ ನಾನೊಬ್ಬಳೇ ಇಲ್ಲ ಎನ್ನಿಸಿತು.

ಕಳೆದ ತಿಂಗಳು ರಜೆ ಸಿಕ್ಕಿತು. ಊರಿನ ಬಸ್ಸು ಹತ್ತಿ ಕೂತಾಗ ಮಗಳು ಫೋನಿನಲ್ಲಿ, ಮನೆಗೆ ಯಾವಾಗ ಬರುತ್ತೀಯೆಂದು ಕೇಳಿದಳು, ಅಮ್ಮ ಎನ್ನದೆ. ಕಳಿಸಲು ಬಂದಿದ್ದ ಶರಣಮ್ಮ ಕಿಟಕಿಯ ಕೆಳಗೆ ನಿಂತು, "ಲಗೂನ ಮನೀಗಿ ಬರ್ರಿ," ಎಂದರು. ಲಗೂ ಎಂದರೆ ಇಲ್ಲಿ ಬೇಗ.

ಬಸ್ಸು ಹೊರಟಿತು. ಶಿಲುಬೆಯ ಗುರುತು ಮಾಡಿಕೊಂಡು, "ಮನೆ ಮುಟ್ಟಿಸಪ್ಪಾ," ಎಂದೆ. ಯಾವ ಮನೆ ಎಂದು ಹೇಳಲು ನನಗೂ ತಿಳಿಯಲಿಲ್ಲ.