ಧರ್ಮರಾಜುವಿನ ಬೆಂಚಿನ ಮುಂದೆ ಮಾತಾಡಬಾರದು

ನನ್ನ ಮನೆಗೂ ಧರ್ಮರಾಜುವಿನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾನು ಸೀನಬೇಕು, ಅಂಥ ಗೋಡೆ. ಚಾಮರಾಜಪೇಟೆಯ ವಠಾರಗಳೆಲ್ಲ ಹಾಗೇ. ತೊಂಬತ್ತೊಂಬತ್ತರ ದಸರಾ ಕಳೆದ ಮೇಲೆ ಆ ಗೋಡೆಯಾಚೆ ಸಂಜೆಯಾದರೆ ಯಾರ ದನಿಯೂ ಕೇಳದಾಯಿತು. ಗಂಡ, ಹೆಂಡತಿ, ಗಂಡನ ತಾಯಿ ಮೂವರೂ ಒಳಗಿದ್ದಾರೆ, ದೀಪ ಉರಿಯುತ್ತಿದೆ, ಆದರೆ ಪಿಟ್ಟೆನ್ನುವುದಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದಾರೆ ಎಂದೇ ವಠಾರದವರು ತಿಳಿದಿದ್ದರು. ಜಗಳವೇನೂ ಇರಲಿಲ್ಲ. ಧರ್ಮರಾಜು ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದ.

ಅವನು ರೇಡಿಯೋ ಮೆಕ್ಯಾನಿಕ್. ಅವನ ತಾಯಿ ದ್ರೌಪದಮ್ಮ ಕೃಷ್ಣರಾಜ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವಳು. ಅವಳ ಅತ್ತೆಯೂ ಅಲ್ಲೇ ಸೊಪ್ಪು ಮಾರಿದವಳು. ಮಗನಿಗೆ ಸೊಪ್ಪಿನ ಕಟ್ಟು ಹಿಡಿಸಲಿಲ್ಲ. ಮೀಸೆ ಮೂಡುವ ಮೊದಲೇ ಆಂಜಿನಯ್ಯ ಎಂಬ ಮುದುಕನ ರೇಡಿಯೋ ಅಂಗಡಿ ಸೇರಿ ಕೆಲಸ ಕಲಿತ. ಆಂಜಿನಯ್ಯ ಬಲು ಕಟ್ಟುನಿಟ್ಟು. ಸೆಟ್ಟು ಬಿಚ್ಚಿದ ಮೇಲೆ ಬೆಂಚಿನ ಹತ್ತಿರ ಯಾರೂ ಬಾಯಿ ತೆರೆಯಬಾರದು. ರೇಡಿಯೋಗೆ ಬಂದ ಕಾಯಿಲೆ ಕಣ್ಣಿಗೆ ಕಾಣದು, ಕಿವಿಗೆ ಕೇಳುತ್ತದೆ. ಗುಂಯ್ ಅನ್ನುತ್ತದೋ, ಕರಕರ ಅನ್ನುತ್ತದೋ, ಸುಮ್ಮನೆ ಉಸಿರು ಬಿಡುತ್ತದೋ, ಅದನ್ನು ಕೇಳಿಯೇ ಹಿಡಿಯಬೇಕು. ಗಿರಾಕಿ ಬಂದರೂ ಬಾಗಿಲಲ್ಲೇ ನಿಂತು ಕಾಯಬೇಕು. ಆಂಜಿನಯ್ಯ ತೀರಿಕೊಂಡ ಮೇಲೆ ಧರ್ಮರಾಜು ಅಂಗಡಿಯ ಬೆಂಚನ್ನು ಮನೆಗೆ ತಂದ. ಬೆಂಚಿನ ಜೊತೆಗೆ ಆ ಕಟ್ಟಳೆಯೂ ಬಂತು. ಅವನು ಒಂದು ಬೆರಳು ತುಟಿಗೆ ಒತ್ತಿದನೆಂದರೆ ಮುಗಿಯಿತು, ದ್ರೌಪದಮ್ಮ ಕೂಡ ಸೆರಗಿನಲ್ಲಿ ಕೆಮ್ಮುತ್ತಿದ್ದಳು.

ರೇಡಿಯೋ ರಿಪೇರಿಗೆ ಬರುವುದು ಅಷ್ಟರಲ್ಲಿ ಕಡಿಮೆಯಾಗಿತ್ತು. ಆದರೆ ಅವನು ಕಂಪ್ಯೂಟರಿಗೆ ಕೈ ಹಾಕಿದ್ದು ಅದಕ್ಕಲ್ಲ, ಸಂಧ್ಯಾಳಿಗಾಗಿ.

ಸಂಧ್ಯಾ ಅವನ ಹೆಂಡತಿ. ಶೇಷಾದ್ರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು. ಮದುವೆಯಾಗಿ ಬಂದಾಗ ಕಣ್ಣು ಚೆನ್ನಾಗಿತ್ತು. ಆಮೇಲೆ ಸಂಜೆ ಹೊತ್ತು ಎಡವಲು ಶುರುಮಾಡಿದಳು, ಆಮೇಲೆ ಹಗಲಲ್ಲೂ. ಕಣ್ಣಿನ ಒಳಗಿನ ಪರದೆ ಸವೆಯುತ್ತಿದೆ, ಔಷಧವಿಲ್ಲ ಎಂದರು ಡಾಕ್ಟರು. ಕೊನೆಗೆ ಅವಳಿಗೆ ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು. ಆದರೂ ಟೈಪಿಂಗ್ ನಿಲ್ಲಲಿಲ್ಲ, ಬೆರಳಿಗೆ ಅಕ್ಷರ ಗೊತ್ತಿತ್ತಲ್ಲ! ಸಾಹೇಬರು ಬಾಯಲ್ಲಿ ಹೇಳುತ್ತಿದ್ದರು, ಅವಳು ಹೊಡೆಯುತ್ತಿದ್ದಳು.

ಆ ವರ್ಷ ಕಚೇರಿಗೆ ಕಂಪ್ಯೂಟರ್ ಬಂದು ಹಳೆಯ ಟೈಪ್‌ರೈಟರುಗಳೆಲ್ಲ ಮೂಲೆಗೆ ಹೋದವು. ಅವಳ ಮೇಲಿನವರಾದ ಗಂಗಾಧರಯ್ಯನವರು ಕೆಟ್ಟವರಲ್ಲ. ಅವರು ಹೇಳಿದ್ದಿಷ್ಟು: "ನೋಡಮ್ಮ, ಪರದೆ ಕಾಣ್ದೆ ಇದರ ಮೇಲೆ ಕೆಲಸ ಮಾಡೋಕಾಗುತ್ತೆ ಅಂದ್ರೆ ಸಂಕ್ರಾಂತಿ ಕಳೀಲಿ, ತೋರ್ಸು. ಆಗ್ಲಿಲ್ಲ ಅಂದ್ರೆ ಲಕೋಟೆ ಅಂಟಿಸೋ ರೂಮಿಗೆ ಹಾಕ್ತೀವಿ. ಸಂಬಳಕ್ಕೇನೂ ತೊಂದರೆ ಇಲ್ಲ."

ಸಂಜೆ ಮನೆಗೆ ಬಂದವಳು ಜಗಲಿಯಲ್ಲಿ ನನ್ನ ಪಕ್ಕ ಕೂತಳು. ನಾನು ಕನಕಾಂಬರ ಕಟ್ಟುತ್ತಿದ್ದೆ.

"ಸಂಬಳ ಬರುತ್ತಂತೆ ದೊಡ್ಡಮ್ಮ. ಅಂಟು ಹಚ್ಕೊಂಡು ಕೂತಿದ್ರೆ ಆಯ್ತಂತೆ," ಎಂದಳು. ತನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದಳು.

ಕುರುಡರಿಗೆ ಕಲಿಸುವ ಒಂದು ಸಂಸ್ಥೆಯಲ್ಲಿ ಮಾತಾಡುವ ಕಂಪ್ಯೂಟರ್ ಇದೆಯೆಂದು ಯಾರೋ ಹೇಳಿದರು. ಒತ್ತಿದ ಅಕ್ಷರವನ್ನು, ಬರೆದ ಸಾಲನ್ನು ಅದು ಇಂಗ್ಲಿಷಿನಲ್ಲಿ ಓದಿ ಹೇಳುತ್ತದೆ. ಸಂಧ್ಯಾ ಭಾನುವಾರ ಭಾನುವಾರ ಅಲ್ಲಿಗೆ ಹೋಗಿ ಕಲಿತಳು. ಅವರು ಮಾತಾಡಿಸುವ ಆ ಪ್ರೋಗ್ರಾಮನ್ನು ಒಂದು ಸಿ.ಡಿ.ಯಲ್ಲಿ ಹಾಕಿಯೂ ಕೊಟ್ಟರು. ಆದರೆ ಕಚೇರಿಯ ಕಂಪ್ಯೂಟರಿಗೆ ದನಿಯೇ ಇರಲಿಲ್ಲ. ಮನೆಯಿಂದಲೇ ಒಂದು ತಂದು ತೋರಿಸಬೇಕು. ಹೊಸದನ್ನು ತರುವ ಶಕ್ತಿ ಯಾರಿಗಿದೆ?

"ನಾನೇ ಕಟ್ತೀನಿ," ಎಂದ ಧರ್ಮರಾಜು.

ಎಸ್.ಪಿ. ರೋಡಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಲೆದು ಒಂದೊಂದೇ ಭಾಗ ತಂದ. ಇವತ್ತು ಡಬ್ಬಿ, ಇನ್ನೊಂದು ದಿನ ಅದರೊಳಗಿನ ಹಲಗೆ, ಮತ್ತೊಂದು ದಿನ ಗೀರು ಬಿದ್ದ ಪರದೆ. ದನಿ ಬರಿಸುವ ಕಾರ್ಡು, ಕೈಯಲ್ಲಿ ಆಡಿಸುವ ಮೌಸು, ಎಲ್ಲ ಯಾರೋ ಬಳಸಿ ಬಿಟ್ಟವು. ಆಯುಧಪೂಜೆಗೆ ದ್ರೌಪದಮ್ಮ ಅವಕ್ಕೆಲ್ಲ ಕುಂಕುಮವಿಟ್ಟು ನನ್ನ ಹತ್ತಿರ ಸೇವಂತಿಗೆ ಮಾರು ತಗೊಂಡು ಹೋಗಿ ಹಾಕಿದಳು. ಪೂಜೆಯಾದ ಮೇಲೆ ಅವನು ಜೋಡಿಸಿದ. ಪರದೆ ಬೆಳಗಿತು. ವಠಾರದವರೆಲ್ಲ ನೋಡಲು ಬಂದೆವು.

ಕಷ್ಟ ಶುರುವಾದದ್ದು ಅಲ್ಲಿಂದ. ಅಂಥ ಒಂದೊಂದು ಭಾಗಕ್ಕೂ ಡ್ರೈವರ್ ಅಂತ ಒಂದು ಇರುತ್ತದಂತೆ. ಓಡಿಸುವ ಮನುಷ್ಯನಲ್ಲ, ಈ ಭಾಗವನ್ನು ಹೀಗೆ ನಡೆಸು ಎಂದು ಯಂತ್ರಕ್ಕೆ ಕಲಿಸುವ ಪಾಠ. ಅದನ್ನು ಫ್ಲಾಪಿ ಎಂಬ ಚಪ್ಪಟೆ ಬಿಲ್ಲೆಯಲ್ಲಿ ತಂದು ಒಳಗೆ ಹಾಕಬೇಕು. ದನಿಯ ಡ್ರೈವರ್ ಹಾಕಿದರೆ ದನಿ ಬರುತ್ತದೆ, ಮೌಸಿನ ಬಾಣ ಪರದೆಯ ಮೇಲೆ ಕಲ್ಲಾಗಿ ನಿಲ್ಲುತ್ತದೆ. ಮೌಸಿನದನ್ನು ಹಾಕಿದರೆ ಬಾಣ ಓಡಾಡುತ್ತದೆ, ದನಿ ಮಾತಿನ ಒಂದೇ ತುಣುಕಿನಲ್ಲಿ ಸಿಕ್ಕಿಕೊಂಡು "ವೆ ವೆ ವೆ ವೆ" ಎಂದು ಬಡಬಡಿಸಿ ಸತ್ತುಹೋಗುತ್ತದೆ. ಗೋಡೆಯಾಚೆಯಿಂದ ನನಗೆ ಕೇಳುತ್ತಿದ್ದದ್ದು ಅದೊಂದೇ. ದನ ಕೊರಳು ಬಿಗಿದು ಒದ್ದಾಡಿದ ಹಾಗೆ.

ಅವನು ಮತ್ತೆ ಬಿಚ್ಚುತ್ತಿದ್ದ. ಕಾರ್ಡಿನ ಮೇಲಿನ ಅಕ್ಕಿಕಾಳಿನಷ್ಟು ಕೊಂಡಿಯನ್ನು ಚಿಮಟದಲ್ಲಿ ಕಿತ್ತು ಬೇರೆ ಕಡೆ ಸಿಕ್ಕಿಸುತ್ತಿದ್ದ. ಆಗ ಮೂರನೆಯದು ಯಾವುದೋ ನಿಲ್ಲುತ್ತಿತ್ತು. ಫ್ಲಾಪಿ ಕೆಟ್ಟರೆ ಬೆಳಿಗ್ಗೆ ಮತ್ತೆ ಎಸ್.ಪಿ. ರೋಡು. ಅಂಗಡಿಯವರು "ಬೇರೆ ಡ್ರೈವರ್ ಹಾಕ್ ಗುರು" ಎಂದು ಮತ್ತೊಂದು ಫ್ಲಾಪಿ ಕೈಗಿಡುತ್ತಿದ್ದರು. ಸಂಜೆ ಮತ್ತೆ ಅದೇ. ತುಟಿಯ ಮೇಲೆ ಬೆರಳು, ಮನೆಯೆಲ್ಲ ಮೌನ, ಮಧ್ಯೆ ಮಧ್ಯೆ ವೆ ವೆ ವೆ.

ಸಂಧ್ಯಾ ಗೋಡೆಗೊರಗಿ ಮೊಣಕಾಲು ಕಟ್ಟಿಕೊಂಡು ಕೂತಿರುತ್ತಿದ್ದಳು. ಸಂಸ್ಥೆಯಲ್ಲಿ ಕಲಿತದ್ದು ಮರೆತುಹೋಗದಿರಲೆಂದು ತೊಡೆಯ ಮೇಲೇ ಬೆರಳು ಆಡಿಸುತ್ತಿದ್ದಳು. ನಾನು ಹೂವು ಕೊಡಲು ಹೋದಾಗ ಕಂಡದ್ದು ಇದು. ಊಟಕ್ಕೆ ಕೂತಾಗ ಅವಳು ಏನಾದರೂ ಕೇಳಿದರೆ ಅವನದು ಒಂದೇ ಉತ್ತರ, "ಡ್ರೈವರ್ ಕೂತ್ಕೋತಿಲ್ಲ. ಆಗುತ್ತೆ ಬಿಡು." ಯಾವುದರ ಡ್ರೈವರ್, ಯಾಕೆ ಕೂರುತ್ತಿಲ್ಲ, ಅದೇನೂ ಇಲ್ಲ. ಅವಳಿಗೆ ದಿಗಿಲಾಗಬಾರದೆಂದು ಅವನು ಬಿಡಿಸಿ ಹೇಳುತ್ತಿರಲಿಲ್ಲ. ಅವನಿಗೆ ಬೇಸರವಾಗಬಾರದೆಂದು ಅವಳು ಕೆದಕುತ್ತಿರಲಿಲ್ಲ. ತುತ್ತು ಮುಗಿದರೆ ಮತ್ತೆ ಬೆಂಚು.

ಎದುರು ಮನೆಯ ಕೆಂಚಪ್ಪನಿಗೆ ಇದು ತಮಾಷೆ.

"ಏನ್ ಗುರು, ನಿನ್ ಇಲಿ ಓಡ್ತಾ?"

"ಓಡ್ತಿದೆ."

"ಮತ್ತೆ ಮುಖ ಯಾಕೆ ಹಿಂಗಿದೆ?"

"ದನಿ ಹೋಯ್ತು."

"ಬಿಡು ಗುರು, ನಮ್ಮನೇಲಿ ದನಿ ಬೇಕಾದಷ್ಟಿದೆ, ನಮ್ಮವಳನ್ನ ಕಳಿಸ್ತೀನಿ, ಕೂಡ್ಸಿಕೋ!"

ಧರ್ಮರಾಜು ನಗಲಿಲ್ಲ. ಕಣ್ಣು ಗುಳಿ ಬಿದ್ದಿದ್ದವು. ನಲ್ಲಿಯ ಹತ್ತಿರ ಕೊಡ ತುಂಬಿ ಹರಿದು ಹೋಗುತ್ತಿದ್ದರೂ ಹಾಗೇ ನಿಂತಿರುತ್ತಿದ್ದ. ಕಡಲೆಕಾಯಿ ಗಾಡಿಗಳು ಬಂದು ಹೋದವು, ಧನುರ್ಮಾಸ ಬಂತು, ಬೆಳಗಿನ ಜಾವದ ಪೂಜೆಯ ಹುಗ್ಗಿ ಹಂಚಿದರು, ಸಂಕ್ರಾಂತಿಗೆ ಎಳ್ಳು ಬೆಲ್ಲ ಹೆಚ್ಚುವ ಸದ್ದು ಮನೆಮನೆಯಲ್ಲಿ ಶುರುವಾಯಿತು. ಅವರ ಮನೆಯಲ್ಲಿ ಮಾತ್ರ ಇಲ್ಲ. ದ್ರೌಪದಮ್ಮ ಕೊಬ್ಬರಿ ಹೆಚ್ಚಲು ನನ್ನ ಮನೆಗೆ ಬಂದು ಕೂರುತ್ತಿದ್ದಳು.

"ಅಲ್ಲಿ ಕತ್ತಿ ಸದ್ದು ಮಾಡೋ ಹಾಗಿಲ್ಲ ಅಕ್ಕಾ. ನನ್ನ ಮನೇಲಿ ನಾನೇ ಕಳ್ಳಿ ಆಗಿದೀನಿ."

ಹೀಗಿರುವಾಗ ಹಬ್ಬಕ್ಕೆ ಮುಂಚೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕರೆಂಟು ಹೋಯಿತು. ಹೋಗುವುದು ದಿನಾ ಇದ್ದದ್ದೇ. ಆದರೆ ದಿನಾ ಬೇಗ ಬರುತ್ತಿತ್ತು, ಅಂದು ಬರಲಿಲ್ಲ. ಸೆಕೆ ಇಲ್ಲದಿದ್ದರೂ ಕತ್ತಲೆಂದು ವಠಾರದವರೆಲ್ಲ ಹೊರಗೆ ಬಂದರು. ಧರ್ಮರಾಜುವೂ ಬಂದು ಜಗಲಿಯ ಮೇಲೆ ಕೂತ. ಹಿಂದೆಯೇ ಸಂಧ್ಯಾ ಗೋಡೆ ಮುಟ್ಟಿಕೊಂಡು ಬಂದು ಅವನ ಪಕ್ಕ ಕೂತಳು. ಅವಳಿಗೆ ಕರೆಂಟು ಇದ್ದರೂ ಒಂದೇ, ಹೋದರೂ ಒಂದೇ. ನಾನು ಕತ್ತಲಲ್ಲೇ ಹೂ ಕಟ್ಟುತ್ತಿದ್ದೆ.

ಯಂತ್ರ ಸತ್ತಿತ್ತು. ಬೆಂಚು ಒಳಗಿತ್ತು. ತುಟಿಗೆ ಬೆರಳು ಒತ್ತುವ ಕಾರಣವಿರಲಿಲ್ಲ.

"ರೀ, ಅದರಲ್ಲಿ ಏನು ಕೆಟ್ಟಿದೆ?" ಎಂದು ಸಂಧ್ಯಾ ಕೇಳಿದಳು.

"ಏನೂ ಕೆಟ್ಟಿಲ್ಲ. ಅದೇ ಕಷ್ಟ." ಅವನ ದನಿ ಮಲಗಿದವನ ದನಿಯ ಹಾಗಿತ್ತು. "ಕೆಟ್ಟಿದ್ರೆ ತೆಗೆದು ಬಿಸಾಕಿ ಬೇರೆ ಹಾಕ್ತಿದ್ದೆ. ಎಲ್ಲಾ ಸರಿಯಾಗೇ ಇದೆ. ಎರಡಕ್ಕೂ ಒಂದೇ ಜಾಗ ಬೇಕು. ಇದು ಕೂತ್ರೆ ಅದು ಏಳುತ್ತೆ."

"ಯಾವ ಎರಡು?"

"ಸೌಂಡು. ಮೌಸು."

ಸಂಧ್ಯಾ ಅವನ ಕಡೆ ತಿರುಗಿದಳು. ನನ್ನ ಕೈಯಲ್ಲಿ ದಾರ ನಿಂತಿತು.

"ಮೌಸ್ ಯಾರಿಗೆ?" ಎಂದಳು.

"ಯಾರಿಗೆ ಅಂದ್ರೆ? ಕಂಪ್ಯೂಟರ್‌ಗೆ."

"ಅದರ ಬಾಣ ಎಲ್ಲಿದೆ ಅಂತ ನನಗೆ ಹೆಂಗ್ರೀ ಕಾಣುತ್ತೆ? ಸಂಸ್ಥೇಲಿ ನಮಗೆ ಅದನ್ನ ಮುಟ್ಟಿಸೋದೇ ಇಲ್ಲ. ಎಲ್ಲಾ ಕೀಬೋರ್ಡಲ್ಲೇ. ತೆಗೆಯೋದು, ಮುಚ್ಚೋದು, ಉಳಿಸೋದು, ಎಲ್ಲಾ."

ಕೆಂಚಪ್ಪನ ಮನೆಯ ಮುಂದೆ ಯಾರೋ ಬೀಡಿ ಹಚ್ಚಿದರು.

"ಅದಿಲ್ದೆ ನನಗೆ ಏನೂ ಮಾಡೋಕೆ ಬರಲ್ಲ," ಎಂದ ಕೊನೆಗೆ.

"ನಿಮಗೆ ಬರಲ್ಲ," ಎಂದಳು ಅವಳು. ಅಷ್ಟೇ. ಕೋಪವಿರಲಿಲ್ಲ. ಆದರೆ ಅವನು ತಲೆ ತಗ್ಗಿಸಿ ಅಂಗೈಯಿಂದ ಮುಖ ಉಜ್ಜಿಕೊಂಡ.

"ಮೊದಲೇ ಹೇಳ್ಬಾರದಾಗಿತ್ತಾ?"

"ಎಲ್ಲಿ ಹೇಳ್ಲಿ? ಬೆಂಚಿನ ಮುಂದೆ ಮಾತಾಡ್ಬಾರದಲ್ಲ."

ಕರೆಂಟು ಬಂದ ಮೇಲೆ ಅವನು ಒಳಗೆ ಹೋದ. ಈ ಸಲ ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಡಬ್ಬಿಯ ಬೆನ್ನಿನಿಂದ ಮೌಸಿನ ತಂತಿ ಕಿತ್ತ. ಅದರ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿತ್ತು. ಯಂತ್ರ ಹಚ್ಚಿದ. ಅದು ಅರಚಿ, ಗೊರಗೊರ ಅಂದು, ಪರದೆ ತೋರಿತು. ಅವನ ಬಲಗೈ ತಾನಾಗಿ ಬೆಂಚಿನ ಮೇಲೆ ಹರಿದಾಡಿ ಮೌಸು ಹುಡುಕಿತು, ಸಿಗದೆ ಮಡಿಲಿಗೆ ಬಂತು.

"ಈಗ?" ಎಂದ.

"ಏಳಿ," ಎಂದಳು ಸಂಧ್ಯಾ. ಅವನ ಜಾಗದಲ್ಲಿ ತಾನು ಕೂತಳು. ಬೆರಳಿನಿಂದ ಕೀಲಿಗಳ ಅಂಚು ಸವರಿ ಲೆಕ್ಕ ಹಿಡಿದು ಒಂದಾದ ಮೇಲೊಂದು ಒತ್ತಿದಳು. ದನಿಯ ಡ್ರೈವರನ್ನು ಹೊಸದಾಗಿ ಹಾಕಬೇಕಿತ್ತು. ಪರದೆಯಲ್ಲಿ ಬಂದದ್ದನ್ನು ಅವನು ಅಕ್ಷರ ಅಕ್ಷರವಾಗಿ ಓದಿ ಹೇಳಿದ, ಅವಳು ಒತ್ತಿದಳು. ಅವಳು ತಪ್ಪಿದರೆ ಅವನು "ಅಲ್ಲ, ಕೆಳಗಿನದು" ಅನ್ನುತ್ತಿದ್ದ. ಇಬ್ಬರ ಮಾತು ಗಂಟೆಗಟ್ಟಲೆ ನಡೆಯಿತು. ಆ ಬೆಂಚಿನ ಮುಂದೆ ಅಷ್ಟು ಮಾತು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಒಬ್ಬ ಗಂಡಸಿನ ದನಿ ಮಾತಾಡಿತು. ಮೂಗಿನಲ್ಲಿ ಮಾತಾಡುವ ಪರದೇಶದವನು. ಸಿಕ್ಕಿಕೊಳ್ಳಲಿಲ್ಲ, ಬಡಬಡಿಸಲಿಲ್ಲ. ಸಂಧ್ಯಾ ತನ್ನ ಹೆಸರು ಹೊಡೆದಳು. ಅದು "ಸ್ಯಾಂಡಿಯ" ಎಂದಿತು.

ದ್ರೌಪದಮ್ಮ ಅಡಿಗೆಮನೆಯಿಂದ, "ಯಾರೋ ಅದು ನನ್ನ ಸೊಸೆ ಹೆಸರು ಹಿಡಿದು ಕರೆಯೋನು?" ಎಂದಳು. ಧರ್ಮರಾಜು ನಕ್ಕ. ನಗು ಅರ್ಧಕ್ಕೆ ಆಕಳಿಕೆಯಾಯಿತು. ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋದ. ಅವಳು ಹೊಡೆಯುತ್ತಲೇ ಇದ್ದಳು.

ಸಂಕ್ರಾಂತಿ ಕಳೆದ ಸೋಮವಾರ ಇಬ್ಬರೂ ಆಟೋದಲ್ಲಿ ಕಚೇರಿಗೆ ಹೋದರು. ಡಬ್ಬಿ ಅವನ ಮಡಿಲಲ್ಲಿ, ಪರದೆ ಅವಳ ಮಡಿಲಲ್ಲಿ, ಹಳೆ ಸೀರೆ ಸುತ್ತಿ. ಅಲ್ಲಿ ನಡೆದದ್ದನ್ನು ಸಂಧ್ಯಾ ಆಮೇಲೆ ಹೇಳಿದಳು. ಜೋಡಿಸುವಾಗ ಒಬ್ಬ ಗುಮಾಸ್ತ, "ಮೌಸೇ ಇಲ್ವಲ್ರೀ, ಮರೆತು ಬಂದ್ರಾ?" ಎಂದನಂತೆ. "ಬೇಕಾಗಿಲ್ಲ ಸಾರ್," ಎಂದಳಂತೆ ಇವಳು. ಗಂಗಾಧರಯ್ಯನವರು ಇಂಗ್ಲಿಷಿನ ಒಂದು ಕಾಗದ ಹೇಳಿ ಬರೆಸಿದರು. ಅವಳು ಹೊಡೆದಳು, ಯಂತ್ರ ಓದಿತು, ಒಂದು ತಪ್ಪು ಕಿವಿಗೆ ಬಿದ್ದು ಹಿಂದೆ ಹೋಗಿ ತಿದ್ದಿದಳು. ಅವಳು ತಿದ್ದಿದ್ದನ್ನು ನೋಡಿಯೇ ಅವರು ತಲೆ ಆಡಿಸಿದರಂತೆ.

"ಸರಿಯಮ್ಮ, ಇಲ್ಲೇ ಇರು. ಆದ್ರೆ ಆ ಮಹಾರಾಯನ ದನಿ ಸ್ವಲ್ಪ ಸಣ್ಣ ಮಾಡ್ಸು. ಮಿಕ್ಕೋರೂ ಕೆಲಸ ಮಾಡ್ಬೇಕು."

ಧರ್ಮರಾಜು ಅಲ್ಲೇ ನಿಂತು ಅದಕ್ಕೊಂದು ಕಿವಿಗೆ ಹಾಕುವ ಸ್ಪೀಕರ್ ಸಿಕ್ಕಿಸಿ ಬಂದ. ಯಂತ್ರ ಕಚೇರಿಯಲ್ಲೇ ಉಳಿಯಿತು. ಮನೆಯಲ್ಲಿ ಮೌಸು ಮಾತ್ರ, ಮೊಳೆಗೆ ನೇತುಬಿದ್ದು.

ಅವತ್ತು ಮಧ್ಯಾಹ್ನ ಅವನು ಬಂದು ಚಾಪೆ ಹಾಸಿ ಮಲಗಿದವನು ಸಂಜೆ ನೀರು ಬರುವವರೆಗೂ ಏಳಲಿಲ್ಲ. ಎದ್ದ ಮೇಲೆ ಬೆಂಚಿನ ಕೆಳಗೆ ತಿಂಗಳುಗಟ್ಟಲೆ ಕಾದು ಕೂತಿದ್ದ ಯಾರದೋ ರೇಡಿಯೋ ತೆಗೆದು ಬಿಚ್ಚಿದ. ದ್ರೌಪದಮ್ಮ ಮಾರುಕಟ್ಟೆಯಿಂದ ಬಂದು ಬುಟ್ಟಿ ಇಳಿಸಿದಳು. ಬೆಂಚಿನ ಮೇಲೆ ದೀಪ ಕಂಡು, ಕಾಲಿನ ಸದ್ದು ಆಗದ ಹಾಗೆ ಮೆಲ್ಲಗೆ ಒಳಗೆ ಹೊರಟಳು.

"ಅಮ್ಮ," ಎಂದ ಅವನು, ತಲೆ ಎತ್ತದೆ. "ಏನಾದ್ರೂ ಹೇಳೋದಿದ್ರೆ ಹೇಳು."

ದ್ರೌಪದಮ್ಮ ನಿಂತಳು. ದಸರಾದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಮ್ಮೆಲೇ ಬಂತು. ದಂಟಿನ ಸೊಪ್ಪಿಗೆ ಹುಳ ಬಿದ್ದದ್ದು, ಪಕ್ಕದ ಅಂಗಡಿಯವಳು ಜಾಗ ಒತ್ತಿಕೊಂಡದ್ದು, ಮಂಡಿ ನೋವು, ಸೂರಿನ ಹೆಂಚು ಒಡೆದದ್ದು. ಗೋಡೆಯಾಚೆ ಕೂತು ನಾನು ಎಲ್ಲ ಕೇಳಿಸಿಕೊಂಡೆ. ಧರ್ಮರಾಜು "ಹೂಂ, ಹೂಂ" ಅನ್ನುತ್ತಾ ರೇಡಿಯೋ ತಿರುವುತ್ತಿದ್ದ. ಆ ರೇಡಿಯೋಗೆ ಏನಾಗಿದೆ ಎಂದು ಅವತ್ತು ಅವನಿಗೆ ಗೊತ್ತಾಗಲಿಲ್ಲವಂತೆ. ನಾಳೆ ನೋಡಿದರಾಯಿತು ಎಂದು ಮುಚ್ಚಿಟ್ಟ.