ಅಂಪೈರ್ ಮೇಷ್ಟ್ರೂ ನಿಂತುಹೋದ ಪರದೆಯೂ

ಮನುಷ್ಯರು ಬಡಿದಾಡಿಕೊಂಡದ್ದೆಲ್ಲ ಮಣ್ಣಿಗಾಗಿ, ಹೊನ್ನಿಗಾಗಿ, ಸಿಂಹಾಸನಕ್ಕಾಗಿ ಎಂದು ಇತಿಹಾಸ ಗಂಭೀರವಾಗಿ ಹೇಳುತ್ತದೆ. ಇತಿಹಾಸ ಬರೆದವರು ಪಾಂಡವಪುರದ ಕಡೆ ಕಬಡ್ಡಿ ನೋಡಿರಲಿಲ್ಲ. ಇಲ್ಲಿ ಗೇಣುದ್ದದ ಬಿಳಿ ಗೆರೆ ಸಾಕು.

ನನ್ನ ಕಸುಬು ವೇದಿಕೆಯ ದೀಪ, ಎಲ್‌ಇಡಿ ಪರದೆಗಳ ರಿಪೇರಿ. ಮದುವೆಯೋ ನಾಟಕವೋ ಪಂದ್ಯವೋ, ಎಲ್ಲಿ ತಿರುಗುವ ದೀಪ ನಿಂತರೂ, ಪರದೆ ಕಪ್ಪಾದರೂ ಬಾಬುರಾಯನಕೊಪ್ಪಲಿನಿಂದ ನನ್ನ ಸ್ಕೂಟರು ಹೊರಡಬೇಕು. ನಾನು ತಲುಪುವ ಹೊತ್ತಿಗೆ ಕೆಟ್ಟ ಸಾಮಾನಿಗೆ ನಾಲ್ಕು ಜನ ಒದ್ದಿರುತ್ತಾರೆ. ಕೆ.ಆರ್. ಪೇಟೆಯಲ್ಲಿ ಒಂದು ದೀಪಕ್ಕೆ ಕಾರಿನ ಜಾಕಿಯಿಂದ ಬುದ್ಧಿ ಹೇಳಿದ್ದರು. ದೀಪಕ್ಕೆ ಆದಮೇಲೆ ರಿಪೇರಿಯವನ ಸರದಿ ಎಂಬುದು ಈ ಸೀಮೆಯ ಬರೆಯದ ಕಾನೂನು. ನನ್ನ ಕೆಳದವಡೆಯ ಎರಡು ಹಲ್ಲು ಆ ಕಾನೂನಿಗೆ ಸಂದಿವೆ.

ಹೋದ ವರ್ಷ ಚಿನಕುರಳಿಯಿಂದಾಚೆಗಿನ ಒಂದು ಊರಿನಲ್ಲಿ ಕಬಡ್ಡಿ ಪಂದ್ಯಾವಳಿ ಇಟ್ಟರು. ದೀಪವೂ ಜನರೇಟರೂ ಶ್ರೀರಂಗಪಟ್ಟಣದ ಸಾಬರದು; ಪರದೆ, ಕ್ಯಾಮೆರಾಗಳ ಉಸ್ತುವಾರಿ ನನ್ನದು. ಅದರ ಹಿಂದಿನ ವರ್ಷ ಅಂಪೈರ್‌ ತಲೆ ಒಡೆದಿದ್ದರಿಂದ ಈ ಸಲ ಸೀಟಿ ಹಿಡಿಯಲು ಜನವೇ ಸಿಕ್ಕಿರಲಿಲ್ಲ. ಕೊನೆಗೆ ಕೆ.ಆರ್. ಪೇಟೆಯ ಡ್ರಿಲ್ ಮೇಷ್ಟ್ರೊಬ್ಬರು ಒಂದು ಷರತ್ತಿನ ಮೇಲೆ ಒಪ್ಪಿದರು. ತಕರಾರು ಬಂದರೆ ಆಟವನ್ನು ಪರದೆಯ ಮೇಲೆ ನಿಧಾನವಾಗಿ ಮತ್ತೆ ತೋರಿಸಬೇಕು. ಪರದೆ ಹೇಳಿದ್ದೇ ತೀರ್ಪು. ಪಂದ್ಯದ ಅಧ್ಯಕ್ಷರು ಇದನ್ನು ಮೈಕಿನಲ್ಲಿ ಶಾಸನದ ಹಾಗೆ ಸಾರಿದರು.

ಆಟ ಶುರುವಾಗುವ ಮೊದಲು ಮೇಷ್ಟ್ರು ನನ್ನ ಮೇಜಿನ ಹತ್ತಿರ ಬಂದು ಅಲ್ಲಿದ್ದ ಡಬ್ಬಿಯನ್ನು ದೇವರ ಫೋಟೋ ಮುಟ್ಟಿದಂತೆ ಮುಟ್ಟಿದರು. ಆ ಡಬ್ಬಿಗೆ ಸ್ವಿಚ್ಚು ಎಂದು ಹೆಸರು. ಕ್ಯಾಮೆರಾ, ಕಂಪ್ಯೂಟರು, ಪರದೆ, ದೀಪ ಎಲ್ಲದರ ತಂತಿಯೂ ಅದರ ತೂತುಗಳಿಗೆ ಬಂದು ಸೇರುತ್ತದೆ.

“ಇದು ಕೈ ಕೊಡಕ್ಕಿಲ್ಲ ತಾನೆ? ಮನೇಲಿ ಓದೋ ಮಕ್ಕಳವೆ ಕಣಪ್ಪ” ಎಂದರು.

ಕೊಡುವುದಿಲ್ಲ ಎಂದೆ. ಹೇಳುವಾಗ ಅದು ನಿಜವೇ ಆಗಿತ್ತು.

ಅಧ್ಯಕ್ಷರು ಅಚ್ಚುಕಟ್ಟಿನ ಮನುಷ್ಯ. ಮಧ್ಯಾಹ್ನವೆಲ್ಲ ದಾರ ಹಿಡಿದು ಕುರ್ಚಿಗಳನ್ನು ಸಾಲಿಗೆ ತಂದಿದ್ದರು, ಯಾರದೋ ಚಪ್ಪಲಿಗಳನ್ನು ಜೋಡಿಸಿಟ್ಟಿದ್ದರು. ಇನ್ನೊಂದು ಕ್ಯಾಮೆರಾ ಬೇಕಾದೀತೆಂದು ನಾನು ಒಂದು ತಂತಿಯ ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ, ಮತ್ತೊಂದು ತುದಿಯನ್ನು ಮೇಜಿನಿಂದ ಇಳಿಬಿಟ್ಟಿದ್ದೆ. ಊಟದೆಲೆಯನ್ನು ತಿರುಗುಮುರುಗು ಹಾಕಿದವರನ್ನು ನೋಡುವಂತೆ ಅವರು ಅದನ್ನು ನೋಡುತ್ತಿದ್ದರು.

ಕೊನೆಯ ಪಂದ್ಯ ಊರಿನ ತಂಡಕ್ಕೂ ನಾಗಮಂಗಲ ಕಡೆಯವರಿಗೂ ಬಿತ್ತು. ಅರ್ಧ ಆಟ ಮುಗಿಯುವುದರೊಳಗೆ ಒಬ್ಬನ ಮೂಗು ಒಡೆದು ಮ್ಯಾಟು ಕೆಂಪಾಯಿತು, ಇನ್ನೊಬ್ಬನ ಭುಜ ಕಳಚಿತು. ನಮ್ಮಲ್ಲಿ ಇದಕ್ಕೆ ಆಟ ಎನ್ನುತ್ತಾರೆ. ಕೊನೆಗಳಿಗೆಯಲ್ಲಿ ಎರಡೂ ಕಡೆ ಸಮಸಮ. ಊರಿನ ಆಟಗಾರ ಎದುರಾಳಿಗಳ ಅಂಗಳಕ್ಕೆ ನುಗ್ಗಿ ಒಬ್ಬನನ್ನು ಮುಟ್ಟಿದ. ನಾಲ್ವರು ಅವನ ಮೇಲೆ ಬಿದ್ದರು. ಆ ನಾಲ್ವರನ್ನೂ ಬೆನ್ನ ಮೇಲೆ ಹೊತ್ತುಕೊಂಡೇ ಅವನು ತೆವಳಿ ನಡುಗೆರೆಯತ್ತ ಕೈ ಚಾಚಿದ. ಮೇಷ್ಟ್ರು ಸೀಟಿ ಊದಿ, ಗೆರೆ ಮುಟ್ಟಲಿಲ್ಲ, ಔಟು ಎಂದರು.

ಪರದೆಯಲ್ಲಿ ತೋರಿಸಬೇಕೆಂದು ಊರಿಗೆ ಊರೇ ಎದ್ದು ನಿಂತಿತು. ನಾನು ಆ ತುಣುಕನ್ನು ಹಾಕಿದೆ. ಪಂದ್ಯ ನಡೆಸುವ ಮಂದಿಯೆಲ್ಲ ಅಧ್ಯಕ್ಷರ ಸಮೇತ ನನ್ನ ಮೇಜನ್ನು ಮುತ್ತಿದರು. ಪರದೆಯ ಮೇಲೆ ಎತ್ತಿನಗಾಡಿಯಷ್ಟು ದೊಡ್ಡ ಕೈ ನಿಧಾನವಾಗಿ ಗೆರೆಯತ್ತ ತೇಲಿ ಬಂತು. ಬೆರಳುಗಳು ಗೆರೆಯ ಮೇಲೆ ಬಂದವು. ಅಲ್ಲಿಗೆ ಚಿತ್ರ ನಿಂತುಹೋಯಿತು.

ಆ ಬೆರಳು ಇನ್ನೂ ಗಾಳಿಯಲ್ಲಿತ್ತು, ನೆಲಕ್ಕೆ ಬಿದ್ದಿರಲಿಲ್ಲ. ಆದರೆ ಗಾಳಿಯನ್ನು ಕ್ಯಾಮೆರಾ ತೋರಿಸುವುದಿಲ್ಲ.

“ಗೆರೆ ಮೇಲೇ ಅದಲ್ಲೋ” ಎಂದ ಒಬ್ಬ. “ಮೇಷ್ಟ್ರು ಕಾಸು ತಿಂದವ್ನೆ, ಇಡ್ಕಳ್ರಲಾ ಅವನ್ನ.”

ಸ್ವಾಗತದ ಕಮಾನಿಗೆ ಕಟ್ಟಿದ್ದ ಕಬ್ಬಿನ ಜಲ್ಲೆಗಳು ಮೊದಲು ಬಂದವು. ಆಮೇಲೆ ದಾರ ಹಿಡಿದು ಜೋಡಿಸಿದ್ದ ಕುರ್ಚಿಗಳು ಸಾಲಾಗಿಯೇ ಬಂದವು. ಮೇಷ್ಟ್ರು ತಲೆಗೆ ಎರಡೂ ಕೈ ಅಡ್ಡ ಹಿಡಿದು ಮ್ಯಾಟಿನ ಮೇಲೆ ಮುದುಡಿದರು. ಅವರನ್ನು ಬಿಡಿಸಲು ಬಂದ ನಾಗಮಂಗಲದ ಆಟಗಾರನಿಗೆ ಕುರ್ಚಿಯ ಕಾಲು ಬಿದ್ದು ಹುಬ್ಬು ಸೀಳಿತು. ನಾನು ಕಂಪ್ಯೂಟರಿನ ಕೀಲಿಗಳನ್ನು ಕುಟ್ಟಿದೆ. ಪರದೆ ಅಲುಗಲಿಲ್ಲ, ದೀಪಗಳೂ ಮಾತು ಕೇಳಲಿಲ್ಲ. ನಮ್ಮ ಕಸುಬಿನಲ್ಲಿ ವೇದಕ್ಕೆ ಸಮಾನವಾದ ವಾಕ್ಯ ಒಂದೇ: ಎಲ್ಲ ಆರಿಸಿ ಮತ್ತೆ ಹಚ್ಚು. ಜನರೇಟರು ನಿಲ್ಲಿಸಿ ಎಂದು ಸಾಬರಿಗೆ ಕೂಗಿದೆ.

ಅವರು ಜನರೇಟರಿಗೆ ಬೆನ್ನು ಕೊಟ್ಟು ನಿಂತರು. “ನಹೀ ಭಾಯ್. ಬೆಳಕಿದ್ರೆ ಏಟು ಬೇಕಾದವ್ನಿಗೆ ಬೀಳ್ತದೆ. ಕತ್ಲೆ ಆದ್ರೆ ಸಿಕ್ಕಿದವ್ರಿಗೆಲ್ಲಾ ಬೀಳ್ತದೆ.”

ಅನುಭವದ ಮಾತು, ತಳ್ಳಿಹಾಕುವಂತಿರಲಿಲ್ಲ. ಏಟಿಗೆ ಬೇಕಾಗಿದ್ದ ಮೇಷ್ಟ್ರು ಮಾತ್ರ ಮ್ಯಾಟಿನ ಮೇಲೆ ನರಳುತ್ತಿದ್ದರು. ನಾನು ಮೇಜಿನ ಕೆಳಗೆ ತೂರಿ ತಂತಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಬಂದೆ. ಇಳಿಬಿಟ್ಟಿದ್ದ ತಂತಿ ಎಲ್ಲೂ ಇರಲಿಲ್ಲ. ಮೇಲಕ್ಕೆದ್ದು ನೋಡಿದರೆ ಅದರ ಎರಡೂ ತುದಿಗಳು ಅದೇ ಸ್ವಿಚ್ಚಿನಲ್ಲಿ ಅಕ್ಕಪಕ್ಕ ಕೂತಿದ್ದವು.

“ಈಗ್ತಾನೆ ನಾನೇ ಸಿಗಿಸ್ದೆ” ಎಂದರು ಅಧ್ಯಕ್ಷರು, ತೃಪ್ತಿಯಿಂದ. “ಅನಾಥ್ವಾಗಿ ನೇತಾಡ್ತಿತ್ತು. ಪಕ್ಕದಲ್ಲೇ ತೂತು ಖಾಲಿ ಇತ್ತಲ್ಲ.”

ಒಂದೇ ತಂತಿಯ ಎರಡು ತುದಿಯೂ ಒಂದೇ ಡಬ್ಬಿಗೆ ಹೋದರೆ, ಡಬ್ಬಿ ತಾನು ಹೇಳಿದ್ದನ್ನೇ ತಾನು ಕೇಳಿಸಿಕೊಂಡು ಮತ್ತೆ ಹೇಳುತ್ತಾ ಹೋಗುತ್ತದೆ. ಬೇರೆ ಯಾರ ಮಾತಿಗೂ ದಾರಿ ಬಿಡುವುದಿಲ್ಲ. ಗ್ರಾಮಸಭೆಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತಿ ಕಿತ್ತೆ.

ಪರದೆಯ ಮೇಲಿನ ಕೈ ಅಲುಗಿತು. ಎತ್ತಿದ ಕುರ್ಚಿ ಎತ್ತಿದಂತೆಯೇ ಹಿಡಿದು ಜನ ತಲೆಯೆತ್ತಿ ನೋಡಿದರು. ಚಿತ್ರದಲ್ಲಿ ಆ ನಾಲ್ವರು ಅವನನ್ನು ಹಿಂದಕ್ಕೆ ಎಳೆದರು. ಗಾಳಿಯಲ್ಲಿದ್ದ ಬೆರಳುಗಳು ಗೆರೆಯಿಂದ ಹಿಂದೆ ಜಾರಿ, ನಾಲ್ಕು ಬೆರಳಗಲ ಈಚೆಗೆ, ನೆಲಕ್ಕೆ ಬಿದ್ದವು. ಮರುಗಳಿಗೆಗೆ ಪರದೆಯೊಳಗಿನ ಮೇಷ್ಟ್ರು ಸೀಟಿ ಊದಿದರು.

ಒಂದೆರಡು ಕುರ್ಚಿಗಳು ನೆಲಕ್ಕಿಳಿದವು. ಸತ್ಯ ಗೆದ್ದಿತು ಎಂದು ನನಗೆ ಕಣ್ಣು ತೇವವಾಗುವುದರಲ್ಲಿತ್ತು. ಅಷ್ಟರಲ್ಲಿ ಹುಬ್ಬು ಸೀಳಿದ್ದ ನಾಗಮಂಗಲದವನು, “ಈಗ ಕಾಣ್ತೇನ್ಲಾ?” ಎಂದು ಹತ್ತಿರದಲ್ಲಿದ್ದವನ ಬಾಯಿಗೆ ಗುದ್ದಿದ. ಅಲ್ಲಿಯವರೆಗೆ ಏಟು ತಿಂದು ಸುಮ್ಮನಿದ್ದ ಅವರ ಕಡೆಯವರಿಗೆ ಈಗ ನ್ಯಾಯದ ಬಲವೂ ಸೇರಿತ್ತು. ಎರಡನೆಯ ಬಡಿದಾಟ ಮೊದಲನೆಯದಕ್ಕಿಂತ ಜೋರಾಗಿ, ಧಾರ್ಮಿಕ ಶ್ರದ್ಧೆಯಿಂದ ನಡೆಯಿತು. ಸಾಬರು ದೀಪ ಆರಿಸಲಿಲ್ಲ. ಆ ಬೆಳಕಿನಲ್ಲೇ ನಾನೂ ಅವರೂ ಮೇಷ್ಟ್ರನ್ನು ಬ್ಯಾನರಿನ ಬಟ್ಟೆಯ ಮೇಲೆ ಎಳೆದು ತಂದು ಜನರೇಟರು ತಂದಿದ್ದ ಗಾಡಿಗೆ ಹತ್ತಿಸಿದೆವು. ಆಸ್ಪತ್ರೆಯ ದಾರಿಯುದ್ದಕ್ಕೂ ಮೇಷ್ಟ್ರು ಪರದೆಯಲ್ಲಿ ಏನು ಬಂತೆಂದು ಕೇಳುತ್ತಿದ್ದರು. ನೀವು ಹೇಳಿದ್ದೇ ಸರಿ ಎಂದೆ. ಸರಿ ಬುಡು ಎಂದು ಕಣ್ಣು ಮುಚ್ಚಿದರು.

ಗೆದ್ದವರ ಕಪ್ಪು ನಾಗಮಂಗಲ ಕಡೆಯವರಿಗೆ ಹೋಯಿತು. ಮೇಷ್ಟ್ರ ಬಲಗೈ ಎರಡು ಕಡೆ ಮುರಿದಿತ್ತು.